ಮೈದಾಹಿಟ್ಟಿನ ಸುಟ್ಟಗಾಯ

"ಗುರುಗಳೇ, ಒಳಗೆ ಇಲ್ಲದ್ದನ್ನು ಹೊರಗೆ ತೋರಿಸಿದರೆ ಅದು ಸುಳ್ಳಲ್ಲವೇ?" ಎಂದು ಶಿಷ್ಯ ಚನ್ನವೀರ ಕೇಳಿದ.

ಏನಾಯಿತೆಂದು ಗುರುಗಳು ವಿಚಾರಿಸಿದರು. ಹಿಂದಿನ ದಿನ ಮಠಕ್ಕೆ ಮೈತುಂಬ ತೊನ್ನಿದ್ದ ಒಬ್ಬ ಮನುಷ್ಯ ಬಂದು ಉಳಿದುಕೊಂಡಿದ್ದ. ಊಟದ ಸಾಲಿನಲ್ಲಿ ಅವನ ಅಕ್ಕಪಕ್ಕ ಯಾರೂ ಕೂರಲಿಲ್ಲ. ಚನ್ನವೀರ ಹೋಗಿ ಕೂತ, ನಗುನಗುತ್ತ ಮಾತಾಡಿಸಿದ. ಆದರೆ ಒಳಗೆಲ್ಲ ಅಸಹ್ಯವೇ ತುಂಬಿತ್ತು.

"ನಾನು ಪ್ರೀತಿಯ ವೇಷ ಹಾಕಿದೆ. ಆ ಪಾಪ ಬೇಡ, ಇವತ್ತು ದೂರ ಕೂರುತ್ತೇನೆ" ಎಂದ.

ಗುರುಗಳಿಗೆ ನಗು ಬಂತು. "ಊಟದ ಮಾತು ತೆಗೆದೆಯಲ್ಲ, ಊಟದ ಕತೆಯನ್ನೇ ಕೇಳು" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಹೋಳಿಗೆ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಯಾರದೋ ಮದುವೆಗೆ ಕಜ್ಜಾಯ ಕರಿಯುವಾಗ ಬಾಣಲೆ ಮಗುಚಿ ಅವಳ ಬಲಗೈಯ ಮೇಲ್ಭಾಗ ಬೆರಳಿನಿಂದ ಮಣಿಕಟ್ಟಿನವರೆಗೆ ಸುಟ್ಟಿತ್ತು. ಗಾಯ ಮಾಯಿತು, ಸುಕ್ಕುಗಟ್ಟಿದ ಕಲೆ ಉಳಿಯಿತು. ಆ ಕೈ ಮಾಡಿದ್ದನ್ನು ಊರೆಲ್ಲ ಚಪ್ಪರಿಸಿ ತಿನ್ನುತ್ತಿತ್ತು. ಆ ಕೈಯನ್ನು ನೋಡುವುದು ಮಾತ್ರ ಯಾರಿಗೂ ಬೇಕಿರಲಿಲ್ಲ. ಊರು ಅಂದರೆ ಹಾಗೇ.

ಅವಳ ಒಬ್ಬಳೇ ಮಗಳಿಗೆ ಮದುವೆಯಾಯಿತು. ಮರುದಿನ ಬೀಗರ ಊಟ. ಹೆಣ್ಣಿನ ತಾಯಿ ತನ್ನ ಕೈಯಾರೆ ಬೀಗರ ಎಲೆಗೆ ಮೊದಲ ಹೋಳಿಗೆ ಬಡಿಸುವುದು ಅಲ್ಲಿಯ ಪದ್ಧತಿ. ಮಗಳು ಹುಟ್ಟಿದಾಗಿನಿಂದ ಅವಳು ಆ ಒಂದು ಗಳಿಗೆಗಾಗಿ ಆಸೆಪಟ್ಟಿದ್ದಳು. ಎಲೆ ಹಾಕುವ ಹೊತ್ತಿಗೆ ಗಂಡಿನ ತಾಯಿ ಹೇಳಿ ಕಳಿಸಿದಳು: "ಶುಭದ ದಿನ. ಸುಟ್ಟ ಕೈ ನಮ್ಮ ಎಲೆ ಮುಂದೆ ಬರೋದು ಬೇಡ." ಆ ಕೈಯನ್ನು ಅವಳು ಕಂಡವಳೂ ಅಲ್ಲ; ಮದುವೆಯುದ್ದಕ್ಕೂ ಅದು ಸೆರಗಿನ ಮರೆಯಲ್ಲೇ ಇತ್ತು. ಯಾರೋ ಕಿವಿ ಊದಿದ್ದರು, ಅಷ್ಟೇ.

ತಾಯಿ ಅಡುಗೆಮನೆಯ ಮೂಲೆಯಲ್ಲಿ ಕುಸಿದು ಕೂತಳು. ಅವಳ ಅಣ್ಣ ನಾಟಕದ ಕಂಪನಿಯಲ್ಲಿ ಬಣ್ಣ ಹಚ್ಚುವವನು. ಅವನನ್ನು ಕಂಡದ್ದೇ ಅವಳಿಗೆ ಅಳು ಉಕ್ಕಿತು.

"ಅಣ್ಣಾ, ನಿನ್ನ ಬಣ್ಣ ಬಳಿದು ಇದನ್ನು ಮುಚ್ಚಿಬಿಡು."

"ಇವತ್ತು ಮುಚ್ಚಬಹುದು ಕಣವ್ವ, ನಾಳೆ? ಗಾಯ ಮುಚ್ಚೋದು ನನ್ನ ಕಸುಬಲ್ಲ, ಗಾಯ ಮಾಡೋದು ನನ್ನ ಕಸುಬು" ಎಂದ ಅಣ್ಣ. ಹಾಗೆಂದವನಿಗೆ ತನ್ನ ಮಾತಿನಲ್ಲೇ ಏನೋ ಹೊಳೆಯಿತು. "ಮೈದಾಹಿಟ್ಟು ಎಲ್ಲಿದೆ?"

ಅವನು ಮೈದಾ ಕಲಸಿ ಕಾಯಿಸಿ ಅಂಟು ಮಾಡಿದ. ಈರುಳ್ಳಿ ಪದರಗಳ ನಡುವಿನ ತೆಳು ಪೊರೆ ಬಿಡಿಸಿದ. ಬಡಿಸಲು ನಿಂತಿದ್ದ ಹೆಂಗಸರನ್ನೆಲ್ಲ ಕರೆದ. ಮೊದಲು ಕೈ ಚಾಚಿದವಳು ಮದುಮಗಳು. ಅವಳ ಬಲಗೈ ಮೇಲೆ ಅಂಟು ಬಳಿದು, ಪೊರೆ ಹೊದಿಸಿ, ಸುಕ್ಕಾಗುವಂತೆ ಬೆರಳಲ್ಲಿ ಒತ್ತಿದ. ಎಣ್ಣೆಯಲ್ಲಿ ಕಲಸಿದ ಕುಂಕುಮ ತೀಡಿ, ಅಂಚಿಗೆ ದೀಪದ ಮಸಿ ಕೊಟ್ಟ. ನೋಡಿದವರ ಕೈ ಉರಿಯಬೇಕು, ಹಾಗಿತ್ತು ಆ ಗಾಯ.

ಬೀಗರನ್ನು ಗೇಲಿ ಮಾಡಲು ಬೀಗರ ಊಟದ ದಿನ ಯಾರ ಅಪ್ಪಣೆಯೂ ಬೇಕಿಲ್ಲ. ಹೋಳಿಗೆಯ ಬುಟ್ಟಿ ಹಿಡಿದು ಹೆಂಗಸರು ಸಾಲಾಗಿ ಬಂದರು. ಎಲ್ಲರದೂ ಸುಟ್ಟ ಕೈ. ಎಲ್ಲರಿಗಿಂತ ಮುಂದೆ ಮದುಮಗಳು.

ಗಂಡಿನ ತಾಯಿ ಹೌಹಾರಿದಳು. "ಅಯ್ಯೋ, ನನ್ನ ಸೊಸೆ ಕೈಗೆ ಏನಾಯ್ತು!"

"ನಮ್ಮ ಮನೆ ಹೆಣ್ಣುಮಕ್ಕಳ ಕೈ ಹೀಗೇ ಅತ್ತೆ. ಬಡಿಸಲೋ, ಬೇಡವೋ?"

ಊಟದ ಸಾಲು ಗೊಳ್ಳೆಂದು ನಕ್ಕಿತು. ಬೇಡವೆಂದರೆ ಸೊಸೆಯನ್ನೇ ಬೇಡವೆಂದಂತೆ. ಬೇಕೆಂದರೆ ಆಡಿದ ಮಾತು ನುಂಗಬೇಕು. ಅವಳು ಮಾತನ್ನು ನುಂಗಿ ತಲೆಯಾಡಿಸಿದಳು. ಮಗಳು ಪಕ್ಕಕ್ಕೆ ಸರಿದಳು. ತಾಯಿ ಮುಂದೆ ಬಂದು ಮೊದಲ ಹೋಳಿಗೆ ಬಡಿಸಿದಳು.

ಊಟವಾಯಿತು. ಬಚ್ಚಲ ಹತ್ತಿರ ಬಡಿಸಿದವರೆಲ್ಲ ಕೈ ತೊಳೆದರು. ಪೊರೆ ಕಿತ್ತುಬಂತು, ಕುಂಕುಮ ಹರಿದುಹೋಯಿತು. ಗಂಡಿನ ತಾಯಿ ನೋಡುತ್ತ ನಿಂತಿದ್ದಳು. ಸುಟ್ಟ ಕೈಯ ಸುದ್ದಿಯೇ ಮೊದಲಿನಿಂದ ಬೀಗರು ಹೂಡಿದ ತಮಾಷೆ ಎಂದುಕೊಂಡು, ಹೆಣ್ಣಿನ ತಾಯಿಯ ಕೈ ಹಿಡಿದು ಹೆಬ್ಬೆರಳಿನಿಂದ ಉಜ್ಜತೊಡಗಿದಳು.

"ನಿಮಗೆ ಅಂಟು ಜಾಸ್ತಿ ಹಾಕಿದಾರೆ ಬೀಗಿತ್ತಿ, ಬಿಡ್ತಾನೇ ಇಲ್ಲ!"

"ಅದು ನಮ್ಮಣ್ಣನ ಕೆಲಸ ಅಲ್ಲ ಬೀಗಿತ್ತಿ, ಬಾಣಲೆಯ ಕೆಲಸ."

ಎಲ್ಲರ ನಗುವೂ ನಿಂತಿತು. ಗಂಡಿನ ತಾಯಿಯ ಮುಖ ಕೆಂಪಾಯಿತು. ಆದರೆ ಹಿಡಿದ ಕೈಯನ್ನು ಅವಳು ಬಿಡಲಿಲ್ಲ.

"ಹೋಳಿಗೆ ಮಾಡಿದ್ದೂ ಇದೇ ಕೈನಾ?"

"ಇದೇ."

"ಹಾಗಾದ್ರೆ ಇನ್ನೊಂದು ಎಲೆ ಹಾಕ್ಸಿ. ಎಲ್ಲರೂ ನೋಡ್ಲಿ, ನೀವೇ ಬಡಿಸಿ."

ಅವಳು ಮತ್ತೆ ಕೂತಳು. ತಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯನ್ನು ಎಲ್ಲಿಯೂ ಮರೆಮಾಡದೆ, ಇಡೀ ಚಪ್ಪರದ ಎದುರಿಗೆ ಬಡಿಸಿದಳು. ಹೊರಟು ನಿಂತಿದ್ದ ಓಲಗದವರು ಯಾರೂ ಹೇಳದಿದ್ದರೂ ಮತ್ತೆ ಊದಿದರು. ಅವಳಿಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ. ಆಮೇಲೆ ಆ ಊರಲ್ಲಿ ಯಾರ ಮನೆಯ ಮದುವೆಯಾದರೂ ಮೊದಲ ಎಲೆಗೆ ಬಡಿಸಲು ಅವಳನ್ನೇ ಕರೆಯುತ್ತಿದ್ದರು.

ಗುರುಗಳು ಕತೆ ಮುಗಿಸಿದರು. ಚನ್ನವೀರ ಸುಲಭಕ್ಕೆ ಬಿಡುವವನಲ್ಲ.

"ಆದರೆ ಉಳಿದವರ ಗಾಯ ಬರೀ ಬಣ್ಣವೇ ಅಲ್ಲವೇ? ನೀರು ಬಿದ್ದದ್ದೇ ಹೋಯಿತಲ್ಲ, ಗುರುಗಳೇ!"

"ಹೋಯಿತಪ್ಪ, ಬಡಿಸಿದ ಮೇಲೆ ಹೋಯಿತು" ಎಂದರು ಗುರುಗಳು.

ಊಟದ ಗಂಟೆ ಹೊಡೆಯಿತು. ಚನ್ನವೀರ ಎದ್ದು, ನಿನ್ನೆ ಆ ಮನುಷ್ಯನ ಪಕ್ಕ ಕೂತಿದ್ದ ಜಾಗದ ಕಡೆ ನಡೆದ.