ಪಂಡಿತನಿಗೆ ಕಣ್ಣು ಬೇನೆ ಬಂದ ವರ್ಷ

“ಚರಿತ್ರೆ ಬರೆದವರ ಎದುರು ಕೂತು ಎಂಥ ಪ್ರಶ್ನೆ ಕೇಳಿದರೆ ಸಭೆ ತಲೆದೂಗುತ್ತದೆ, ಬುದ್ಧಿ?” ಎಂದು ಮರುಳಸಿದ್ಧ ಗುರುಗಳನ್ನು ಕೇಳಿದ.

ಮಠದ ಪುಸ್ತಕ ಭಂಡಾರದಲ್ಲಿ ಪ್ರತಿವರ್ಷ ಒಂದು ಗೋಷ್ಠಿ ನಡೆಯುತ್ತಿತ್ತು. ಹೊಸದಾಗಿ ಚರಿತ್ರೆಯನ್ನೋ ಯಾರದಾದರೂ ಜೀವನ ಚರಿತ್ರೆಯನ್ನೋ ಬರೆದವರನ್ನು ಕರೆಸಿ, ಎದುರಿಗೊಬ್ಬರನ್ನು ಕೂರಿಸಿ ಮಾತಾಡಿಸುವುದು ಅಲ್ಲಿನ ರೂಢಿ. ಈ ಸಲ ಮಾತಾಡಿಸುವ ಕೆಲಸ ಮರುಳಸಿದ್ಧನ ಪಾಲಿಗೆ ಬಂದಿತ್ತು. ಶಿಷ್ಯರಲ್ಲೆಲ್ಲ ಹೆಚ್ಚು ಓದಿದವನು ಅವನೇ. ಅದು ಅವನಿಗೂ ಗೊತ್ತಿತ್ತು, ತೊಂದರೆ ಇದ್ದದ್ದು ಅಲ್ಲೇ.

ಗುರುಗಳು ಮಧ್ಯಾಹ್ನದ ಪ್ರಸಾದ ಮುಗಿಸಿ ಜಗಲಿಯ ಮೇಲೆ ಕೂತಿದ್ದರು. ಬಾಯಲ್ಲಿದ್ದ ಲವಂಗವನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ದಾಟಿಸಿ, “ಕೂತ್ಕೋಪ್ಪ, ಒಂದು ಕತೆ ಹೇಳ್ತೀನಿ,” ಎಂದರು.

ಹೊಳೆದಂಡೆಯಲ್ಲಿ ಒಂದು ಊರು. ಅಚ್ಚಿನ ಯಂತ್ರ ಇನ್ನೂ ಬಂದಿರದ ಕಾಲ. ಪುಸ್ತಕವೆಂದರೆ ಓಲೆಗರಿಯ ಮೇಲೆ ಕೈಯಲ್ಲಿ ಕೊರೆದು ಬರೆದದ್ದು. ಬರೆದವನ ಹತ್ತಿರ ಇರುತ್ತಿದ್ದುದು ಒಂದೇ ಪ್ರತಿ. ಯಾರಾದರೂ ಅದನ್ನು ನಕಲು ಮಾಡಿಸಿದರೆ ಪುಸ್ತಕ ಉಳಿಯಿತು, ಇಲ್ಲವಾದರೆ ಗೆದ್ದಲಿನ ಪಾಲಾಯಿತು.

ಆ ಊರಲ್ಲಿ ಇದಕ್ಕೊಂದು ಪದ್ಧತಿ ಇತ್ತು. ಚರಿತ್ರೆ ಬರೆದವನು ಬಂದು ಊರ ನಡುವಿನ ಕಲ್ಲುಕಟ್ಟೆಯ ಮೇಲೆ ಕೂರುತ್ತಿದ್ದ. ಪ್ರಶ್ನೆ ಕೇಳುವವನೊಬ್ಬ ಅವನೆದುರು ಕೂರುತ್ತಿದ್ದ. ಊರಿನವರು ಒಂದೊಂದು ಖಾಲಿ ಓಲೆ ಹಿಡಿದುಕೊಂಡು ಬಂದು ಕೆಳಗೆ ಕೂರುತ್ತಿದ್ದರು. ಮಾತು ಮುಗಿದ ಮೇಲೆ, ಈ ಪುಸ್ತಕ ಉಳಿಯಬೇಕು ಎಂದು ಅನ್ನಿಸಿದವರು ತಮ್ಮ ಓಲೆಯನ್ನು ಬರೆದವನ ಮುಂದೆ ಇಟ್ಟು ಹೋಗುತ್ತಿದ್ದರು. ಒಂದು ಪ್ರತಿಗೆ ಸಾಲುವಷ್ಟು ಓಲೆ ಬಿದ್ದರೆ ಊರಿನ ಲಿಪಿಕಾರ ನಕಲು ಮಾಡಲು ಕೂರುತ್ತಿದ್ದ. ಬೀಳದಿದ್ದರೆ ಬರೆದವನು ತನ್ನ ಗ್ರಂಥ ಕಟ್ಟಿಕೊಂಡು ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದ.

ಕೆಲವು ವರ್ಷಗಳಿಂದ ಪ್ರಶ್ನೆ ಕೇಳುವ ಜಾಗದಲ್ಲಿ ಒಬ್ಬ ಪಂಡಿತ ಕೂರುತ್ತಿದ್ದ. ಕೆಟ್ಟವನಲ್ಲ. ಪುಸ್ತಕವೆಂದರೆ ಅವನಿಗೆ ಪ್ರಾಣ. ಗ್ರಂಥವನ್ನು ಮೊದಲೇ ತರಿಸಿಕೊಂಡು, ಊಟ ಆರಿದರೂ ಗಮನಿಸದೆ ಓದುತ್ತಿದ್ದ. ಓದಿದ್ದನ್ನೆಲ್ಲ ಒಂದೇ ಪ್ರಶ್ನೆಯಲ್ಲಿ ತುಂಬಿಸುವುದು ಹೇಗೆ ಎಂಬುದೇ ಅವನ ಚಿಂತೆ.

ಒಮ್ಮೆ ಒಬ್ಬ ಮುದುಕ ಯಾವುದೋ ಕೋಟೆಯ ಮುತ್ತಿಗೆಯ ಚರಿತ್ರೆ ಬರೆದು ತಂದ. ಅವನ ಅರ್ಧ ಆಯಸ್ಸು ಅದರಲ್ಲಿ ಕಳೆದಿತ್ತು. ಕಟ್ಟೆಯ ಮೇಲೆ ಪಂಡಿತ ಪ್ರಶ್ನೆ ಶುರುಮಾಡಿದ. ಮುತ್ತಿಗೆಯ ಕಾರಣ ಹೇಳಿದ, ಆ ಕಾರಣಕ್ಕೂ ಹಿಂದಿನ ಕಾರಣ ಹೇಳಿದ, ಕೋಟೆಯೊಳಗೆ ಉಪ್ಪು ಮುಗಿದದ್ದನ್ನು ಹೇಳಿದ, ಕಳ್ಳಬಾಗಿಲು ತೆಗೆದುಕೊಟ್ಟವನ ಹೆಸರು ಹೇಳಿದ, ನಡುವೆ ಒಂದೆರಡು ಶ್ಲೋಕ ಸೇರಿಸಿದ. ಕೊನೆಗೆ ಉಸಿರೆಳೆದುಕೊಂಡು, “ಅಲ್ಲವೇ?” ಎಂದ.

ಮುದುಕ, “ಹೌದು,” ಎಂದ. ಅವನಿಗೆ ಉಳಿದಿದ್ದದ್ದು ಅದೊಂದೇ ಮಾತು.

“ಪಂಡಿತರು ಎಂಥಾ ಪ್ರಶ್ನೆ ಕೇಳಿದ್ರಪ್ಪಾ!” ಎಂದು ಜನ ತಲೆದೂಗಿದರು. ತಲೆದೂಗುತ್ತಲೇ ಎದ್ದರು. ಪುಸ್ತಕದಲ್ಲಿ ಇದ್ದದ್ದನ್ನೆಲ್ಲ ಪಂಡಿತನ ಬಾಯಲ್ಲೇ ಕೇಳಿಯಾಗಿತ್ತು, ಇನ್ನು ಅದನ್ನು ಇಟ್ಟುಕೊಂಡು ಮಾಡುವುದೇನು? ಓಲೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮನೆಗೆ ಹೋದರು. ಮುದುಕ ಗ್ರಂಥವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದ ದಾರಿ ಹಿಡಿದ. ಆ ಚರಿತ್ರೆ ಈಗ ಎಲ್ಲೂ ಇಲ್ಲ.

ಮುದುಕನಿಗೆ ಆದದ್ದೇ ಮುಂದೆ ಬಂದವರಿಗೂ ಆಯಿತು. ಅವರಾದರೂ ಬಾಯಿ ಬಿಟ್ಟು ಬೇರೆ ಏನಾದರೂ ಹೇಳಬಹುದಿತ್ತು. ಆದರೆ ಆ ಕಟ್ಟೆಗೆ ಒಂದು ಹಳೆಯ ಹೆದರಿಕೆ ಅಂಟಿಕೊಂಡಿತ್ತು. ಹಿಂದೆ ಅಲ್ಲಿ ಪಂಡಿತರು ವಾದಕ್ಕೆ ಕೂರುತ್ತಿದ್ದರು. ವಾದದಲ್ಲಿ “ಗೊತ್ತಿಲ್ಲ” ಎಂದವನು ಸೋತಂತೆ. ವಾದ ನಿಂತು ತಲೆಮಾರುಗಳೇ ಕಳೆದಿದ್ದರೂ ಕಟ್ಟೆ ಹತ್ತಿದವರಿಗೆ ಆ ಮಾತು ಆಡಲು ಇನ್ನೂ ಧೈರ್ಯವಿರಲಿಲ್ಲ. ಒಂದು ಮಾತಿಗೆ ಹೋಗಿ ಇನ್ನೊಂದರಲ್ಲಿ ಸಿಕ್ಕಿಬೀಳುವುದಕ್ಕಿಂತ ಎಲ್ಲಕ್ಕೂ ಹೌದು ಎನ್ನುವುದೇ ಕ್ಷೇಮ ಎಂದುಕೊಳ್ಳುತ್ತಿದ್ದರು.

ಕ್ರಮೇಣ ಬರೆಯುವವರು ಆ ಊರಿನ ದಾರಿ ಹಿಡಿಯುವುದೇ ಅಪರೂಪವಾಯಿತು. ಒಂದು ದಿನ ಊರಗೌಡ ಪಂಡಿತನ ಮನೆಗೆ ಬಂದು ಮರ್ಯಾದೆಯಿಂದಲೇ ಹೇಳಿದ: “ಸ್ವಾಮಿ, ಕಟ್ಟೆ ಮೇಲೆ ಓಲೆ ಬಿದ್ದು ಎಷ್ಟು ಕಾಲ ಆಯ್ತು! ದೂರದಿಂದ ಬಂದೋರನ್ನ ಬರಿಗೈಲಿ ಕಳಿಸೋಕೆ ನಮಗೂ ನಾಚಿಕೆ. ಈ ಸಲ ಬರೋರ ಪುಸ್ತಕಕ್ಕೂ ಓಲೆ ಬೀಳದೆ ಹೋದ್ರೆ, ಕಟ್ಟೆ ಸಭೆಯನ್ನೇ ನಿಲ್ಲಿಸಿಬಿಡೋಣ.”

ಪಂಡಿತನಿಗೆ ಆ ಕಟ್ಟೆಯ ಹೊರತು ಬೇರೆ ಆಸೆಯಿರಲಿಲ್ಲ. ಇಷ್ಟು ಪುಸ್ತಕಗಳು ಏಕೆ ಮುಳುಗಿದವು ಎಂದು ಯೋಚಿಸಿದ. ಪ್ರಶ್ನೆಗಳು ಸಾಲದೆ ಹೋಗಿರಬೇಕು ಎಂದುಕೊಂಡ. ಈ ಸಲ ಇನ್ನೂ ಚೆನ್ನಾಗಿ, ಇನ್ನೂ ಉದ್ದವಾಗಿ ಕೇಳಬೇಕು ಎಂದು ಗಟ್ಟಿಮನಸ್ಸು ಮಾಡಿದ.

ಆ ಸಲ ಬಂದದ್ದು ಒಬ್ಬ ವೈದ್ಯನ ಜೀವನ ಚರಿತ್ರೆ. ಸುತ್ತಲ ಸೀಮೆಯಲ್ಲಿ ಯಾರ ಕೈಕಾಲು ಮುರಿದರೂ ಮೂಳೆ ಕೂರಿಸಿ ಕಟ್ಟು ಹಾಕುತ್ತಿದ್ದವನು ಅವನು. ಈಗ ಇಲ್ಲ. ಬರೆದವನು ಊರೂರು ಅಲೆದು, ಕಂಡಕಂಡವರನ್ನು ಕೇಳಿ ಬರೆದಿದ್ದ. ಗ್ರಂಥ ಪಂಡಿತನ ಮನೆಗೆ ಮೊದಲೇ ಬಂತು. ಅದರ ಬೆನ್ನಿಗೇ ಕಣ್ಣು ಬೇನೆಯೂ ಬಂತು.

ಕಣ್ಣು ಕೆಂಡದ ಹಾಗಾಯಿತು. ಓಲೆ ಹಿಡಿದರೆ ಅಕ್ಷರವೆಲ್ಲ ನೀರಲ್ಲಿ ತೇಲಾಡುತ್ತಿತ್ತು. ಹೆಂಡತಿ ನಂದಿಬಟ್ಟಲ ಹೂವಿನ ರಸ ಹಿಂಡಿದಳು. “ಯಾರ ಕೈಲಾದ್ರೂ ಓದಿಸಿ ಕೇಳಬಾರದಾ?” ಎಂದೂ ಹೇಳಿದಳು. ಪಂಡಿತ ಮುಖ ಗಂಟಿಕ್ಕಿದ. ಊರಿಗೆಲ್ಲ ಓದಿ ಹೇಳುವ ತಾನು ಇನ್ನೊಬ್ಬರ ಬಾಯಿಂದ ಓದಿಸಿಕೊಳ್ಳುವುದೇ? ನಾಳೆ ವಾಸಿಯಾದೀತು, ನಾಡಿದ್ದು ವಾಸಿಯಾದೀತು ಎಂದು ಕಾದ. ಸಭೆಯ ದಿನವೇ ಬಂತು, ಬೇನೆ ಬಿಡಲಿಲ್ಲ. ಬರಲಾರೆ ಎಂದರೆ ಗೌಡ ಅದನ್ನೇ ನೆಪಮಾಡಿ ಸಭೆ ನಿಲ್ಲಿಸಿಯಾನು. ಪಂಡಿತ ಒಂದಕ್ಷರವನ್ನೂ ಓದದೆ ಹೋಗಿ ಕಟ್ಟೆಯ ಮೇಲೆ ಕೂತ.

ಎದುರಿಗೆ ಬರೆದವನು ಗ್ರಂಥವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಈ ಊರಿನಲ್ಲಿ ಏನಾಗುತ್ತದೆ ಎಂದು ಕೇಳಿ ತಿಳಿದಿದ್ದನೇನೋ, ಮುಖ ಆಗಲೇ ಬಾಡಿತ್ತು. ಕೆಳಗೆ ಜನ ಓಲೆ ಹಿಡಿದು ಕಾಯುತ್ತಿದ್ದರು. ಪಂಡಿತ ಗಂಟಲು ಸರಿಮಾಡಿಕೊಂಡು, “ಈ ಗ್ರಂಥದಲ್ಲಿ...” ಎಂದು ಶುರುಮಾಡಿ ಅಲ್ಲಿಗೇ ನಿಂತ. ಗ್ರಂಥದಲ್ಲಿ ಏನಿದೆಯೋ ಅವನಿಗೆ ಗೊತ್ತಿದ್ದರೆ ತಾನೆ? ಬೇರೆ ದಾರಿ ಕಾಣದೆ, “ಈತ ಯಾರು? ಹೇಗಿದ್ದ?” ಎಂದ. ಕೇಳಿದ ಮೇಲೆ ನಾಚಿಕೆಯಾಗಿ ತಲೆ ತಗ್ಗಿಸಿದ.

ಬರೆದವನಿಗೆ ತಬ್ಬಿಬ್ಬಾಯಿತು. ಅವನು ಹೌದು ಎನ್ನಲು ಸಿದ್ಧನಾಗಿ ಬಂದಿದ್ದ, ಈ ಪ್ರಶ್ನೆಗೆ ಹೌದು ಎನ್ನಲು ಬರುವುದಿಲ್ಲ. ಮೆಲ್ಲಗೆ ಹೇಳತೊಡಗಿದ. ವೈದ್ಯ ಮೂಳೆ ಹಿಡಿದು ನೋಡುವಾಗ ತನ್ನ ಕಣ್ಣು ಮುಚ್ಚಿಕೊಳ್ಳುತ್ತಿದ್ದನಂತೆ. ಬೆರಳಿಗೆ ಕಾಣುವುದನ್ನು ಕಣ್ಣು ಕೆಡಿಸುತ್ತದೆ ಎನ್ನುತ್ತಿದ್ದನಂತೆ. ಮಕ್ಕಳು ಅಳುತ್ತ ಬಂದರೆ ಮೊದಲು ಅವರ ಗೊಂಬೆಯ ಕಾಲಿಗೆ ಬಿದಿರಿನ ದಬ್ಬೆ ಇಟ್ಟು ಕಟ್ಟು ಹಾಕಿ, ಗೊಂಬೆ ಅಳಲಿಲ್ಲ ನೋಡು ಎನ್ನುತ್ತಿದ್ದನಂತೆ. ಎಣ್ಣೆ ನೀವುತ್ತ ನಗಿಸುತ್ತಿದ್ದ, ನಕ್ಕ ಗಳಿಗೆಯಲ್ಲೇ ಮೂಳೆ ಎಳೆದು ಕೂರಿಸಿಬಿಡುತ್ತಿದ್ದ.

ಕೆಳಗೆ ಕೂತವರಲ್ಲಿ ಗುಸುಗುಸು ಎದ್ದಿತು. ಕೆಲವರು ತಮಗೇ ತಿಳಿಯದೆ ತಮ್ಮ ಮೊಣಕೈ ಮುಟ್ಟಿ ನೋಡಿಕೊಂಡರು. ಪಂಡಿತನಿಗೆ ನಾಚಿಕೆ ಯಾವಾಗ ಮರೆತುಹೋಯಿತೋ ತಿಳಿಯಲಿಲ್ಲ. ಅವನಿಗೆ ಮುಂದೇನಾಯಿತೆಂದು ತಿಳಿಯುವ ಆಸೆ ಹುಟ್ಟಿತ್ತು. ಎಷ್ಟೋ ವರ್ಷಗಳ ಮೇಲೆ ಆ ಕಟ್ಟೆಯಲ್ಲಿ ಅವನಿಗೆ ಗೊತ್ತಿಲ್ಲದ್ದೊಂದು ಕಿವಿಗೆ ಬೀಳುತ್ತಿತ್ತು.

“ಕೊನೆಯವರೆಗೂ ಅದೇ ಕೆಲಸ ಮಾಡಿದನೇ?” ಎಂದು ಕೇಳಿದ.

“ಇಲ್ಲ. ಮೈಯಲ್ಲಿ ಕಸುವಿದ್ದಾಗಲೇ ಬಿಟ್ಟುಬಿಟ್ಟ. ಆಮೇಲೆ ಯಾರು ಕಾಲು ಹಿಡಿದು ಬೇಡಿದರೂ ಮೂಳೆ ಮುಟ್ಟಲಿಲ್ಲ.”

“ಏಕೆ?”

ಅಷ್ಟು ಚಿಕ್ಕ ಪ್ರಶ್ನೆಯನ್ನು ಪಂಡಿತ ಹುಟ್ಟಿದಾರಭ್ಯ ಕೇಳಿರಲಿಲ್ಲ. ಬರೆದವನು ಪಂಡಿತನ ಮುಖ ನೋಡಿದ. ಅಲ್ಲಿ ಬಲೆಯೇನೂ ಕಾಣಲಿಲ್ಲ, ತಿಳಿಯುವ ಆಸೆಯೊಂದೇ ಕಂಡಿತು. ಅದಕ್ಕೆ ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ.

“ಬೇರೆ ಏನೂ ತೋಚದೆ ಮುಪ್ಪಿನಿಂದ ಎಂದು ಬರೆದಿದ್ದೇನೆ,” ಎಂದ. “ಆದರೆ ನಿಜವಾಗಿ ನನಗೆ ಗೊತ್ತಿಲ್ಲ.”

ವಾದದ ಕಾಲದಿಂದ ಕಟ್ಟೆ ಹತ್ತಿದವರು ಆಡಲು ಹೆದರುತ್ತಿದ್ದ ಮಾತು ಅದು. ಗೌಡ ನೆಲ ನೋಡಿದ. ತಾನು ಆಡಿದ ಒಂದು ಮಾತಿನಿಂದ ಒಂದು ಪುಸ್ತಕವೂ ಹೋಯಿತು, ಕಟ್ಟೆಯೂ ಹೋಯಿತು ಎಂದು ಪಂಡಿತ ಅಂದುಕೊಂಡ. ಗ್ರಂಥ ಓದಿದ್ದರೆ ಈ ಹೊತ್ತಿಗೆ ಅವನೇ ಮುಂದೆ ಬಿದ್ದು ನಾಲ್ಕಾರು ಕಾರಣ ಹೇಳಿ, ಶ್ಲೋಕವೊಂದನ್ನು ಸೇರಿಸಿ, ಅಲ್ಲವೇ ಎಂದುಬಿಡುತ್ತಿದ್ದ. ಇವತ್ತು ಹೇಳಲು ಏನೂ ಇರಲಿಲ್ಲ. ಆದ್ದರಿಂದ ಸುಮ್ಮನೆ ಕೂತ.

ಆ ಮೌನದೊಳಗೆ ಒಬ್ಬ ಮುದುಕಿ ಎದ್ದು ನಿಂತಳು.

“ನಂಗೊತ್ತೈತೆ ಸ್ವಾಮಿ. ನನ್ನ ಮಗನ ದೆಸೆಯಿಂದ. ಇವನು ಚಿಕ್ಕೋನಿದ್ದಾಗ ಮರದಿಂದ ಬಿದ್ದು ಕಾಲು ಮುರ್ಕಂಡಿದ್ದ. ಅವರೇ ಕಟ್ಟು ಹಾಕಿದ್ರು. ಅದೇನಾಯ್ತೋ, ಮೂಳೆ ಸೊಟ್ಟಗೆ ಕೂಡ್ಕಂತು. ಒಂದಿನ ಇವನು ಬೀದಿಲಿ ಕುಂಟೋದನ್ನ ಕಂಡ್ರು. ಮನೆಗೆ ಹೋಗಿ ಬಿದಿರು ದಬ್ಬೇನೆಲ್ಲ ಒಲೆಗೆ ಹಾಕಿದ್ರು. ನಾನು ಯಾರಿಗೂ ಹೇಳ್ಲಿಲ್ಲ. ಊರೂರಿನ ಕೈಕಾಲು ನೆಟ್ಟಗೆ ಮಾಡಿದೋರು, ಅವರ ಹೆಸರಿಗೆ ನನ್ನ ಬಾಯಿಂದ ಯಾಕೆ ಮಸಿ ಅಂತ.”

ಅವಳ ಪಕ್ಕದಲ್ಲಿದ್ದ ಮಗನೂ ಎದ್ದ. ಅವನ ಕೂದಲೂ ನರೆತಿತ್ತು. ಕುಂಟುತ್ತ ಜನರ ನಡುವೆ ದಾರಿ ಮಾಡಿಕೊಂಡು ಕಟ್ಟೆಯ ಹತ್ತಿರ ಬಂದ.

“ಈ ಕಾಲಲ್ಲೇ ಹೊಲ ಉತ್ತಿದೀನಿ ಸ್ವಾಮಿ, ಈ ಕಾಲಲ್ಲೇ ಮಗಳ ಮದುವೆಲಿ ಓಡಾಡಿದೀನಿ. ಏನೂ ಕೊರತೆ ಆಗ್ಲಿಲ್ಲ, ನೀವು ಕೊರಗಬ್ಯಾಡಿ ಅಂತ ಅವರಿಗೆ ಹೇಳಬೇಕು ಅಂತಿದ್ದೆ. ಇವತ್ತು ನಾಳೆ ಅನ್ನೋದ್ರಲ್ಲಿ ಅವರೇ ಹೋಗ್ಬಿಟ್ರು. ನಿಮ್ಮ ಪುಸ್ತಕದಲ್ಲಿ ಆ ಮಾತನ್ನೂ ಹಾಕಿ. ಬರೆಯೋಕೆ ಜಾಗ ಬೇಕಲ್ಲ, ತಗೊಳ್ಳಿ,” ಎಂದು ತನ್ನ ಖಾಲಿ ಓಲೆಯನ್ನು ಬರೆದವನ ಮುಂದೆ ಇಟ್ಟ.

ಬರೆದವನ ಕಣ್ಣಲ್ಲಿ ನೀರು ಬಂತು. ಪಂಡಿತನ ಕಣ್ಣಲ್ಲೂ ಬಂತು, ಅದು ಬೇನೆಯದೋ ಅಲ್ಲವೋ ಎಂದು ಯಾರೂ ಕೇಳಲಿಲ್ಲ. ಮುದುಕಿ ತನ್ನ ಓಲೆ ಇಟ್ಟಳು. ಆಮೇಲೆ ಒಬ್ಬ ಕೈ ಎತ್ತಿ, ಈ ಕೈ ಕೂರಿಸಿದ್ದೂ ಅವರೇ ಎಂದ. ಇನ್ನೊಬ್ಬಳು ತನ್ನ ಹಳೆಯ ಗೊಂಬೆಯ ಕತೆ ತೆಗೆದಳು. ಹೇಳುವವರು ಹೇಳುತ್ತ ಓಲೆ ಇಡುತ್ತ ಬಂದರು. ಪ್ರತಿಗೆ ಬೇಕಾದಷ್ಟು ಬಿದ್ದು, ಹೊಸದಾಗಿ ಸೇರಿಸಲು ಬೇಕಾದಷ್ಟೂ ಬಿತ್ತು. ಲಿಪಿಕಾರ ಓಲೆಗಳನ್ನು ಒಟ್ಟುಮಾಡುತ್ತ ಬೆನ್ನು ನೋವೆಂದು ಗೊಣಗಿದ, ಆದರೆ ಸಂತೋಷದಿಂದ ಗೊಣಗಿದ. ಸಭೆ ನಿಲ್ಲಿಸುವ ಮಾತನ್ನು ಗೌಡ ಮತ್ತೆ ಎತ್ತಲಿಲ್ಲ.

ಅವತ್ತು ಪಂಡಿತನನ್ನು ಯಾರೂ ಹೊಗಳಲಿಲ್ಲ. ಮನೆಯ ಹತ್ತಿರ ಬಂದಾಗ ಅವನಿಗೆ ಅದು ಹೊಳೆಯಿತು. ಹೊಳೆದರೂ ನೋವಾಗಲಿಲ್ಲ, ಅದೇ ಅವನಿಗೆ ಆಶ್ಚರ್ಯ. ಹೆಂಡತಿ ಬಾಗಿಲಲ್ಲೇ, “ಏನು ಕೇಳಿದ್ರಿ?” ಎಂದಳು. “ಏಕೆ ಅಂತ ಕೇಳಿದೆ,” ಎಂದ.

ಕಣ್ಣು ವಾಸಿಯಾದ ಮೇಲೆ ಅವನು ಮೊದಲಿಗಿಂತ ಹೆಚ್ಚು ಓದಿದ. ಆದರೆ ಕಟ್ಟೆಯ ಮೇಲೆ ಅವನ ಪ್ರಶ್ನೆಗಳು ಚಿಕ್ಕವಾಗಿಯೇ ಉಳಿದವು. ಆ ಊರಿಗೆ ಬರೆಯುವವರು ಮತ್ತೆ ಬರತೊಡಗಿದರು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನಿಗೆ ಕತೆ ಹಿಡಿಸಿತ್ತು. ಆದರೆ ತನ್ನ ಸಮಸ್ಯೆ ಹಾಗೇ ಉಳಿಯಿತಲ್ಲ ಎನ್ನಿಸಿತು.

“ಅವನೇನೋ ಕಣ್ಣು ಬೇನೆ ಬಂದು ಬಚಾವಾದ, ಬುದ್ಧಿ,” ಎಂದ. “ನನ್ನ ಕಣ್ಣು ನೆಟ್ಟಗಿವೆ. ಪುಸ್ತಕವನ್ನು ಎರಡೆರಡು ಸಲ ಓದಿದ್ದೇನೆ. ಪ್ರಶ್ನೆಗಳೆಲ್ಲ ಬಾಯಿಪಾಠವಾಗಿವೆ.”

“ಒಳ್ಳೇದಾಯ್ತು. ಆ ಪ್ರಶ್ನೆಗಳಲ್ಲಿ ಉತ್ತರ ನಿನಗೆ ಗೊತ್ತಿಲ್ಲದ್ದು ಯಾವುದಪ್ಪಾ?” ಎಂದು ಗುರುಗಳು ಕೇಳಿದರು.

ಮರುಳಸಿದ್ಧ ಬಾಯಿಪಾಠ ಮಾಡಿದ್ದ ಪ್ರಶ್ನೆಗಳನ್ನು ಬೆರಳು ಮಡಚಿ ಒಂದೊಂದಾಗಿ ಎಣಿಸಿದ, ಅಂಥದ್ದು ಒಂದೂ ಸಿಗದೆ, ತನಗೆ ಗೊತ್ತಿಲ್ಲದ್ದನ್ನು ಹುಡುಕಲು ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡ.