ಕೆಂಬಾಲನ ಸುತ್ತುಬಿಲ

ಹಿಪ್ಪೆ ಮರಗಳೇ ತುಂಬಿದ್ದ ಒಂದು ಕಾಡಿನಲ್ಲಿ ಕೆಂಬಾಲ ಎಂಬ ನರಿ ಇದ್ದ. ಕಾಡಿನ ಮರಿಗಳಿಗೆ ಹೊಸ ಹೊಸ ಆಟ ಕಟ್ಟಿಸುವುದೇ ಅವನ ಕಸುಬು. ಆಡಬೇಕೆಂದವರು ಹಣ್ಣೋ ಗೆಡ್ಡೆಯೋ ತಂದು ಅವನ ಬಾಗಿಲಲ್ಲಿ ಇಡಬೇಕು.

ಒಮ್ಮೆ ಅವನು ಬಂಡೆಗುಡ್ಡದ ಕೆಳಗೆ ದೊಡ್ಡದೊಂದು ಸುತ್ತುಬಿಲ ಕಟ್ಟಿಸಲು ಹೊರಟ. ಒಳಗೆ ನೂರೆಂಟು ತಿರುವು, ಬಳ್ಳಿಯ ಉಯ್ಯಾಲೆ, ಮಿಣುಕುಹುಳುಗಳ ದೀಪ. ಗುಡ್ಡದ ನಡುವಿನ ಕೋಣೆ ಮುಟ್ಟಿದವರಿಗೆ ಜೇನುಹುಟ್ಟು ಬಹುಮಾನ. "ಹಿಪ್ಪೆಯ ಮೊದಲ ಹೂ ಉದುರಿದ ದಿನ ಆಟ ಶುರು!" ಎಂದು ತೋಡುವವರನ್ನು ಒಂದು ಮಾತೂ ಕೇಳದೆ ಕಾಡಿಗೆಲ್ಲ ಸಾರಿಬಿಟ್ಟ.

ತೋಡುವವರು ಮುಳ್ಳುಹಂದಿಗಳು. ಅವರಲ್ಲಿ ಹಿರಿಯಳು ಕದಿರಕ್ಕ. ಅವಳು ಆನೆಗಳ ಶಾಲೆಯಲ್ಲಿ ಓದಿ ಬಂದವಳು. ಆ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳದೆ ಅವಳಿಗೆ ಸಮಾಧಾನವಿಲ್ಲ. ಅವಳ ಮನೆಯ ಮುಂದೆ ಒಂದು ಮತ್ತಿ ಮರವಿತ್ತು. ಮನೆಯವರು ಕೆಲಸಕ್ಕೆ ಹೊರಟರೆ ತೊಗಟೆಯ ಎಡಗಡೆ ಹಲ್ಲಿನಿಂದ ಒಂದು ಗೀರು. ತಿರುಗಿ ಬಂದರೆ ಬಲಗಡೆ ಒಂದು ಗೀರು. ಮಳೆ ಬಂದರೂ ಮಂಜು ಮುಚ್ಚಿದರೂ ಈ ಲೆಕ್ಕ ತಪ್ಪಿದ್ದಿಲ್ಲ.

ಮುಳ್ಳುಹಂದಿಗಳಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ತಾನು ತೋಡಿದ ಪ್ರತಿ ತಿರುವಿನಲ್ಲೂ ತನ್ನದೊಂದು ಉದುರಿದ ಮುಳ್ಳನ್ನು ಗೋಡೆಗೆ ನೆಟ್ಟು ಬರಬೇಕು. ಅದರ ಕಪ್ಪು ಬಿಳಿ ಪಟ್ಟೆ ನೋಡಿದರೆ ಯಾರ ಕೈಕೆಲಸ ಎಂದು ತಿಳಿಯುತ್ತಿತ್ತು. ಮುಳ್ಳಿನ ತುದಿ ಮಾತ್ರ ಯಾವಾಗಲೂ ಹೊರಗೆ ಹೋಗುವ ದಾರಿಯ ಕಡೆಗೇ ಇರಬೇಕು.

ಕದಿರಕ್ಕನ ಒಬ್ಬಳೇ ಮಗಳು ಸೂಜಿ. ಅವಳಷ್ಟು ಚುರುಕಾಗಿ ತೋಡುವವರು ಆ ಕಾಡಿನಲ್ಲೇ ಇರಲಿಲ್ಲ. ಎಲ್ಲರಿಗಿಂತ ಒಳಗಿನ ತಿರುವುಗಳನ್ನು ಕೆಂಬಾಲ ಅವಳಿಗೇ ವಹಿಸಿದ. ಮೊದಮೊದಲು ಸೂಜಿ ಸಂಜೆ ಹೋಗಿ ಬೆಳಗ್ಗೆ ಬರುತ್ತಿದ್ದಳು. ಆಮೇಲೆ ಮಧ್ಯಾಹ್ನಕ್ಕೆ ಬರತೊಡಗಿದಳು. ಒಂದು ದಿನ ಬರಲೇ ಇಲ್ಲ. ಮರುದಿನವೂ ಇಲ್ಲ. ಎಡಗಡೆಯ ಕೊನೆಯ ಗೀರು ಒಂಟಿಯಾಗಿ ಆರು ದಿನ ಹಾಗೇ ಉಳಿಯಿತು.

ಏಳನೆಯ ದಿನ ಕದಿರಕ್ಕ ಸುತ್ತುಬಿಲಕ್ಕೇ ನುಗ್ಗಿದಳು. ಮಿಣುಕುಹುಳುಗಳು ದೀಪ ಆರಿಹೋಗಿ ನೆಲದ ತುಂಬ ಬಿದ್ದಿದ್ದವು. ಕಾಳಿನ ಹೊಟ್ಟು ಎಂದುಕೊಂಡು ಅವಳು ಕಾಲಿಡುವುದರಲ್ಲಿದ್ದಳು! ತೋಡುವವರು ಗೋಡೆಗೆ ಮೂತಿ ಒತ್ತಿಕೊಂಡು ನಿಂತಲ್ಲೇ ತೂಕಡಿಸುತ್ತಿದ್ದರು. ಕೆಂಬಾಲ ಅವರ ನಡುವೆ ಬಾಲ ಬೀಸುತ್ತಾ ಓಡಾಡುತ್ತಿದ್ದ.

"ಏನ್ರೋ, ಸುಸ್ತಾ? ನಾವೆಲ್ಲ ಒಂದೇ ಮನೆಯವರು ಕಣ್ರೋ! ಆಟ ಕಟ್ಟೋದೂ ಒಂದು ಕೆಲಸವೇ? ಅದೂ ಆಟವೇ! ಬೇಡ ಅಂದ್ರೆ ಹೇಳಿ, ಹೊರಗೆ ಹೆಗ್ಗಣಗಳು ಸಾಲುಗಟ್ಟಿ ಕಾಯ್ತಾ ಇದಾವೆ."

ತೀರಾ ಒಳಗೆ ಸೂಜಿ ಸಿಕ್ಕಳು. ಕದಿರಕ್ಕ ಮೊದಲು ಗುರುತೇ ಹಿಡಿಯಲಿಲ್ಲ. ಮಗಳ ಉಗುರುಗಳು ಬುಡದವರೆಗೆ ಸವೆದಿದ್ದವು. ಬೆನ್ನಿನ ಮುಳ್ಳುಗಳು ಅರ್ಧಕ್ಕರ್ಧ ಉದುರಿದ್ದವು. ಚಿರತೆ ಓಡಾಡುವ ಕಾಡಿನಲ್ಲಿ ಮುಳ್ಳಿಲ್ಲದ ಮುಳ್ಳುಹಂದಿ ಎಷ್ಟು ದಿನ ಬದುಕೀತು?

"ಸೂಜಿ! ಏಳೇ, ಮನೆಗೆ ನಡಿ!"

"ಇನ್ನೊಂದೇ ತಿರುವು, ಅವ್ವಾ. ಈಗ ಬಿಟ್ಟು ಬಂದ್ರೆ ನಾನು ನೆಟ್ಟ ಮುಳ್ಳನ್ನೆಲ್ಲ ಕೀಳಿಸ್ತಾನಂತೆ. ಇಷ್ಟೂ ಯಾರು ತೋಡಿದ್ದು ಅಂತ ಯಾರಿಗೂ ಗೊತ್ತಾಗಲ್ಲ."

ಕೆಂಬಾಲ ನಗುತ್ತಾ ಬಂದ. "ಇನ್ನೆರಡೇ ದಿನ, ಕದಿರಕ್ಕ. ಆಮೇಲೆ ಎಲ್ಲರಿಗೂ ಹಲಸಿನ ಹಣ್ಣು, ಒಂದು ತಿಂಗಳು ನಿದ್ದೆ. ಮುಳ್ಳೆಲ್ಲ ಇದ್ದಲ್ಲೇ ಇರ್ತಾವೆ. ನನ್ನ ಬಾಲದ ಮೇಲಾಣೆ!"

ಕದಿರಕ್ಕ ಎಷ್ಟು ಎಳೆದರೂ ಮಗಳು ಕದಲಲಿಲ್ಲ. ಅವಳು ಒಬ್ಬಳೇ ಮರಳಿದಳು. ಕಣ್ಣು ಮಂಜಾಗಿ ದಾರಿ ಕಾಣುತ್ತಿರಲಿಲ್ಲ. ಒಂದೊಂದು ತಿರುವಿನಲ್ಲೂ ಗೋಡೆ ತಡವಿ, ಮುಳ್ಳು ತೋರಿಸಿದ ಕಡೆ ನಡೆದು ಹೊರಗೆ ಬಂದಳು.

ಎರಡು ದಿನದ ಮೇಲೆ ಹಿಪ್ಪೆಯ ಮೊದಲ ಹೂ ಉದುರಿತು. ಅದೇ ಬೆಳಗ್ಗೆ ಸೂಜಿ ತೆವಳುತ್ತಾ ಬಂದು ಮತ್ತಿ ಮರದ ಬುಡದಲ್ಲಿ ಕುಸಿದಳು. "ಮುಗೀತು ಅವ್ವಾ" ಎಂದವಳೇ ಕಣ್ಣು ಮುಚ್ಚಿದಳು. ಕದಿರಕ್ಕ ಅವಳ ಮೂಗಿನ ಹತ್ತಿರ ಕಿವಿ ಇಟ್ಟಳು. ಉಸಿರು ಇತ್ತು. ಆಮೇಲೆ ತೊಗಟೆಯ ಬಲಗಡೆ ಒಂದು ಗೀರು ಹಾಕಿದಳು.

ಅಷ್ಟರಲ್ಲಿ ಉಳಿದ ಮುಳ್ಳುಹಂದಿಗಳೆಲ್ಲ ತಲೆ ತಗ್ಗಿಸಿಕೊಂಡು ಬಂದವು. "ಬಿಲ ಮುಗೀತಲ್ಲ, ತೋಡೋರು ಇನ್ಯಾಕೆ ಅಂತ ಕೆಂಬಾಲ ಎಲ್ಲರನ್ನೂ ಓಡಿಸಿಬಿಟ್ಟ, ಕದಿರಕ್ಕ. ಹಲಸೂ ಇಲ್ಲ, ಏನೂ ಇಲ್ಲ. ಹೆಗ್ಗಣಗಳ ಕೈಲಿ ಮುಳ್ಳೆಲ್ಲ ಕೀಳಿಸ್ತಾ ಇದಾನೆ!"

"ಏನಂದಿರಿ? ಮುಳ್ಳು ಕೀಳಿಸ್ತಾ ಇದಾನಾ?"

ಕದಿರಕ್ಕ ಓಡಿದಳು. ಬಿಲದ ಬಾಗಿಲಲ್ಲಿ ಮೊಲ, ಅಳಿಲು, ಕೋತಿಗಳ ಜಾತ್ರೆಯೇ ನೆರೆದಿತ್ತು. ಕಿತ್ತ ಮುಳ್ಳುಗಳು ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಕೆಂಬಾಲ ತನ್ನ ಬಾಲದ ಕೂದಲು ಕಿತ್ತು ಕಿತ್ತು ಹೆಗ್ಗಣಗಳ ಕೈಗೆ ಕೊಟ್ಟಿದ್ದ. ಅವು ಪ್ರತಿ ತಿರುವಿನಲ್ಲೂ ಒಂದೊಂದು ಕೆಂಪು ಜುಟ್ಟು ಅಂಟಿಸಿ ಬಂದಿದ್ದವು.

"ಕೆಂಬಾಲಯ್ಯ, ಎಂಥ ಕೆಲಸ ಮಾಡಿದೆ! ಆ ಮುಳ್ಳು ಬರೀ ಹೆಸರಲ್ಲ, ಅದು..."

"ಸಾಕು ಸುಮ್ಮನಿರು. ಆನೆಶಾಲೆ ಪಾಠ ನಂಗೆ ಬೇಡ. ಆಟ ನಂದು. ಎಲ್ಲಿ ನೋಡಿದರೂ ನನ್ನ ಗುರುತೇ ಕಾಣಬೇಕು." ಅವನು ಸೇರಿದವರ ಕಡೆ ತಿರುಗಿ ಎದೆ ಉಬ್ಬಿಸಿದ. "ಮೊದಲ ಆಟ ನನ್ನದೇ! ಚಪ್ಪಾಳೆ ಹೊಡೀತಾ ಇರಿ, ಜೇನುಹುಟ್ಟಿನ ಜೊತೆ ಬಂದೆ" ಎಂದು ಒಳಗೆ ಹಾರಿದ.

ಮೊಲಗಳು ಚಪ್ಪಾಳೆ ಹೊಡೆದವು. ಹೊಡೆದು ಹೊಡೆದು ಕೈ ನೊಂದವು. ಬಿಸಿಲು ಏರಿ ಇಳಿದರೂ ಕೆಂಬಾಲ ಬರಲಿಲ್ಲ. ಕೊನೆಗೆ ಗುಡ್ಡದ ನೆತ್ತಿಯ ಗಾಳಿಕಂಡಿಯಿಂದ ಕೀರಲು ದನಿಯೊಂದು ಕೇಳಿತು.

"ಅಯ್ಯೋ, ಯಾರಾದರೂ ಬನ್ನಿ! ಈ ಕಡೆ ನೋಡಿದರೂ ಕೆಂಪು ಜುಟ್ಟು, ಆ ಕಡೆ ನೋಡಿದರೂ ಕೆಂಪು ಜುಟ್ಟು! ದಾರಿ ಯಾವುದು?"

ಹೆಗ್ಗಣಗಳು ಯಾವಾಗಲೋ ಓಟ ಕಿತ್ತಿದ್ದವು. ಅವು ಬರುವಾಗ ಇನ್ನೂ ಕೀಳದೆ ಉಳಿದಿದ್ದ ಮುಳ್ಳುಗಳನ್ನು ನೋಡಿಕೊಂಡು, ಒಂದೊಂದನ್ನೇ ಕೀಳುತ್ತಾ ಹೊರಗೆ ಬಂದಿದ್ದವು. ಮುಳ್ಳುಹಂದಿಗಳಿಗೂ ತಾವು ತೋಡಿದಷ್ಟೇ ಗೊತ್ತು. ಕೊನೆಯ ತಿರುವಿನವರೆಗೆ ಬಲ್ಲವಳು ಸೂಜಿ ಒಬ್ಬಳೇ.

"ಕದಿರಕ್ಕಾ! ಮಗಳನ್ನ ಎಬ್ಬಿಸು, ಬೇಗ! ನಾವೆಲ್ಲ ಒಂದೇ ಮನೆಯವರಲ್ವಾ?"

"ಹೌದಪ್ಪ. ಮನೆಯವರು ಮಲಗಿದಾರೆ" ಎಂದಳು ಕದಿರಕ್ಕ.

"ಪಾಪ, ಎಬ್ಬಿಸಿ ಅಜ್ಜಿ" ಎಂದಿತು ಒಂದು ಮೊಲ. ಕದಿರಕ್ಕ ಬೈಯಲಿಲ್ಲ. ಎಲ್ಲರನ್ನೂ ಮತ್ತಿ ಮರದ ಹತ್ತಿರ ಕರೆದೊಯ್ದಳು. ಎಡಗಡೆಯ ಕೊನೆಯ ಗೀರು ತೋರಿಸಿದಳು. ಬಲಗಡೆಯದನ್ನು ತೋರಿಸಿದಳು. "ಇದಕ್ಕೂ ಇದಕ್ಕೂ ನಡುವೆ ಒಂಬತ್ತು ದಿನ. ಈಗ ಇವಳನ್ನ ನೋಡಿ" ಎಂದಳು.

ಮೊಲಗಳು ನೋಡಿದವು. ಸವೆದ ಉಗುರು, ಬೋಳಾದ ಬೆನ್ನು. ತಾವು ಇದಕ್ಕೇ ಚಪ್ಪಾಳೆ ಹೊಡೆದದ್ದೆಂದು ಅರಿತು ಒಂದು ಮರಿ ಕೈಗಳನ್ನು ಹಿಂದೆ ಬಚ್ಚಿಟ್ಟುಕೊಂಡಿತು.

ಸೂಜಿ ಮೂರು ದಿನ ಮಲಗಿದಳು. ಕದಿರಕ್ಕ ದಿನಕ್ಕೊಂದು ಗೆಡ್ಡೆಯನ್ನು ಗಾಳಿಕಂಡಿಯಿಂದ ಒಳಗೆ ಹಾಕಿದಳು, ಅಷ್ಟೇ. ನಾಲ್ಕನೆಯ ದಿನ ಸೂಜಿ ತಾನಾಗಿ ಎದ್ದು, ಹೊಟ್ಟೆ ತುಂಬ ಉಂಡು, ಒಳಗೆ ಹೋಗಿ ನರಿಯನ್ನು ಕರೆತಂದಳು. ದಾರಿಯುದ್ದಕ್ಕೂ ಕೆಂಪು ಜುಟ್ಟುಗಳನ್ನು ಕಿತ್ತು, ರಾಶಿ ಬಿದ್ದಿದ್ದ ಮುಳ್ಳುಗಳನ್ನೇ ಮತ್ತೆ ನೆಟ್ಟಳು.

ಕೆಂಬಾಲ ಹೊರಗೆ ಬಂದಾಗ ಅವನ ಬಾಲ ಒಣಗಿದ ಬಳ್ಳಿಯಂತೆ ಬೋಳಾಗಿತ್ತು. ದಾರಿಗೆ ಗುರುತು ಮಾಡಲು ಉಳಿದ ಕೂದಲನ್ನೂ ಅವನೇ ಕಿತ್ತು ಮುಗಿಸಿದ್ದ. ಮೊಲಗಳು ನಗಲಿಲ್ಲ. "ತೋಡಿದವರ ಮುಳ್ಳು ಕೀಳಿಸಿದವನ ಆಟ ನಾವು ಆಡಲ್ಲ" ಎಂದಷ್ಟೇ ಹೇಳಿದವು. ಆಡುವವರಿಲ್ಲದೆ ಕೆಂಬಾಲ ಆ ಕಾಡನ್ನೇ ಬಿಟ್ಟು ಹೋದ.

ಈಗ ಸುತ್ತುಬಿಲವನ್ನು ತೋಡಿದವರೇ ನಡೆಸುತ್ತಾರೆ. ಸೂರ್ಯ ಹುಟ್ಟಿದರೆ ಎಲ್ಲರೂ ಮನೆಗೆ. ಮತ್ತಿ ಮರದ ಬುಡದಲ್ಲಿ ಕದಿರಕ್ಕ ನಿಂತಿರುತ್ತಾಳೆ. ಹೊರಟ ಎಲ್ಲರಿಗೂ ಬಲಗಡೆ ಒಂದೊಂದು ಗೀರು ಬೀಳುವವರೆಗೆ ಅವಳು ಮಲಗುವುದಿಲ್ಲ.

ನೀತಿ: ದುಡಿಯುವವರ ನಿದ್ದೆಯನ್ನೂ ಹೆಸರನ್ನೂ ಕಿತ್ತುಕೊಂಡವನಿಗೆ, ತಾನೇ ಸಿಕ್ಕಿಬಿದ್ದ ದಿನ ದಾರಿ ತೋರಿಸುವವರು ಎದ್ದಿರುವುದಿಲ್ಲ.