ಕಪನಯ್ಯನ ಗಾಳಿಗಿಡಗಳು

ಕಪನಯ್ಯನಿಗೆ ಸಾಕುಸಾಕಾಗಿತ್ತು. ಹೊಳೆದಂಡೆಯ ಆ ಆಶ್ರಮದಲ್ಲಿ ಅಡುಗೆ, ಕಸ, ದನಕರು, ಯಾವುದೂ ಅವನನ್ನು ಇಷ್ಟು ಹೈರಾಣ ಮಾಡಿರಲಿಲ್ಲ. ಮಾಡಿದ್ದು ಜಗುಲಿಯಲ್ಲಿ ನೇತಾಡುವ ಗಾಳಿಗಿಡಗಳು.

ಅಂಗೈಯಗಲದ ಪುಟ್ಟ ಗಿಡಗಳು. ಮಣ್ಣು ಬೇಡ, ಕುಂಡ ಬೇಡ. ಮರದ ತುಂಡಿಗೆ ದಾರದಲ್ಲಿ ಕಟ್ಟಿ ನೀರು ಚಿಮುಕಿಸಿದರೆ ಆಯಿತು. ಯಾರೋ ಭಕ್ತರು ಅಂದಕ್ಕೆಂದು ತಂದು ತೂಗುಹಾಕಿದ್ದರು.

“ಇವನ್ನು ನೋಡಿಕೊಳ್ಳೋದು ಕಲಿ. ಆಮೇಲೆ ದೀಕ್ಷೆ,” ಎಂದಿದ್ದರು ಗುರು ಚನ್ನವೀರಯ್ಯನವರು.

ಅಷ್ಟೇ ತಾನೇ ಅಂದುಕೊಂಡ ಪುಣ್ಯಾತ್ಮ! ಒಂದು ಗಿಡ ಹೂ ಬಿಟ್ಟಿತು, ಹಿಗ್ಗಿದ. ಹೂ ಬಾಡಿತು, ಗಿಡವೂ ಒಣಗತೊಡಗಿತು. ದೀಕ್ಷೆ ಕೈತಪ್ಪಿದರೆ? ಯಾರಿಗೂ ಕಾಣದಂತೆ ಅದನ್ನು ಹಿತ್ತಲ ಹೊಂಗೆಯ ಬುಡಕ್ಕೆ ಎಸೆದ. ಪೇಟೆಯ ನರ್ಸರಿಯಿಂದ ಅಂಥದ್ದೇ ಇನ್ನೊಂದನ್ನು ತಂದು ಅದೇ ದಾರದಲ್ಲಿ ಕಟ್ಟಿದ.

ಇನ್ನೊಂದು ಹೂ ಬಿಟ್ಟಿತು. ಮತ್ತೆ ಪೇಟೆ. ಆಮೇಲೆ ಮತ್ತೊಂದು. ಅದೇ ಎಲೆ, ಅದೇ ಬೂದು ಬಣ್ಣ ಸಿಗಬೇಕಲ್ಲ, ಅಂಗಡಿ ಅಂಗಡಿ ಅಲೆದ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಹೂ ಕಂಡರೆ ಅಳು ಬರುವ ಹಾಗಾಯಿತು.

ಒಂದು ಬೆಳಿಗ್ಗೆ ಜಗುಲಿಯಲ್ಲಿ ಇನ್ನೊಂದು ಮೊಗ್ಗು ಕಂಡಿತು. ಕಪನಯ್ಯ ನೇರ ಹೋಗಿ ಗುರುಗಳ ಮುಂದೆ ಕುಸಿದು ಕೂತ.

“ಅಯ್ಯನೋರೇ, ಇಲ್ಲಿರೋದು ಒಂದೂ ನೀವು ಕೊಟ್ಟ ಗಿಡ ಅಲ್ಲ. ಅವೆಲ್ಲ ಸತ್ತವು. ಕದ್ದುಮುಚ್ಚಿ ಬದಲಾಯಿಸಿದೆ.”

“ಗೊತ್ತು. ಹಳೇದರ ಎಲೆ ಒರಟು, ಹೊಸದು ನುಣುಪು. ಮುಟ್ಟಿದರೆ ತಿಳಿಯಲ್ವೇನೋ?”

“ಗೊತ್ತಿದ್ದೂ ಸುಮ್ಮನಿದ್ರಾ?”

“ನಿನಗೆ ಯಾವಾಗ ಸಾಕಾಗುತ್ತೋ ಅಂತ ಕಾಯ್ತಿದ್ದೆ. ಏಳು, ಬಾ.”

ಹಿತ್ತಲಿಗೆ ಕರೆದೊಯ್ದರು. ಅವನು ಎಸೆದ ಗಿಡಗಳನ್ನೆಲ್ಲ ಗುರುಗಳೇ ಆಯ್ದು ಹೊಂಗೆಯ ಕೊಂಬೆಗೆ ಕಟ್ಟಿದ್ದರು. ಒಣಗಿ ಮುದುಡಿದ ಒಂದೊಂದರ ಬುಡದಲ್ಲೂ ಹಸಿರು ಮರಿಗಳು ಇಣುಕುತ್ತಿದ್ದವು.

“ಸತ್ತಿದೆ ಅಂದೆಯಲ್ಲ, ಬಾಣಂತಿ ಕಣೋ ಅದು. ಹೆತ್ತು ಸೊರಗಿದಾಳೆ ಅಂತ ಸೊಸೇನ ಹಿತ್ತಲಿಗೆಸೆದು ಯಾರಾದರೂ ಬೇರೆಯವಳನ್ನ ತರ್ತಾರೇನೋ?”

ಕಪನಯ್ಯನಿಗೆ ದುಃಖ ಒತ್ತರಿಸಿ ಬಂತು. “ಗಿಡ ಸತ್ತಿದೆಯೋ ಹೆತ್ತಿದೆಯೋ ಅಂತ ಗುರುತು ಹಿಡಿಯೋಕೂ ನನಗೆ ಬರಲಿಲ್ಲ. ನಾನೂ ಒಣಗಿಹೋಗಿದೀನಿ, ಅಯ್ಯನೋರೇ. ದೀಕ್ಷೆ ಬೇಡ. ನನ್ನ ಜಾಗಕ್ಕೆ ಬೇರೆ ಯಾರನ್ನಾದರೂ ಕರೆಸಿಕೊಳ್ಳಿ.”

ಗುರುಗಳು ಬಚ್ಚಲ ಒಲೆಗೆ ಸೌದೆ ತುರುಕಿದರು. ಹಂಡೆಯ ನೀರಿಗೆ ಬೆರಳದ್ದಿ ನೋಡಿದರು. ಹರಳೆಣ್ಣೆಯ ಬಟ್ಟಲು ತಂದು, ಮಣೆ ಹಾಕಿ, ಅವನನ್ನು ಕರೆದರು.

ಶಿಷ್ಯ ಗಾಬರಿಬಿದ್ದ. “ಅಯ್ಯಯ್ಯೋ! ನೀವು ನನಗೆ ಎಣ್ಣೆ ಹಚ್ಚೋದಾ? ಬಿಡ್ತು ಅನ್ನಿ! ನಾನೇ ಸ್ನಾನ ಮಾಡ್ಕೋತೀನಿ.”

“ಬಾಯಿ ಮುಚ್ಚಿಕೊಂಡು ಕೂತ್ಕೊಳೋ. ಬಾಣಂತಿ ಎಲ್ಲಾದರೂ ತನಗೆ ತಾನೇ ನೀರು ಹಾಕ್ಕೋತಾಳೇನೋ?”